ಬಫರ್ ಫ್ರೀ ಪ್ಲಾನ್, ಮಾಸ್ಟೋಡಾನ್, ಬ್ಲೂಸ್ಕೈ: ಧಾರವಾಡದ ಕಸೂತಿ ವ್ಯಾಪಾರಕ್ಕೆ ಉಪಯೋಗ ಆಯ್ತಾ?

ಪೂರ್ತಿ ಓದೋ ಪುರಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ. ನಿಮ್ಮ ಗಿರಾಕಿಗಳೆಲ್ಲ ಹುಬ್ಬಳ್ಳಿ-ಧಾರವಾಡದೊಳಗೇ ಇದ್ದರೆ ಮಾಸ್ಟೋಡಾನ್, ಬ್ಲೂಸ್ಕೈ ಅನ್ನೋ ಟ್ವಿಟ್ಟರ್ ತರಹದ ಜಾಲತಾಣ ಎರಡನ್ನೂ ಬಿಟ್ಟುಬಿಡ್ರಿ, ವಾಟ್ಸಾಪ್ ಸ್ಟೇಟಸ್ ಸಾಕು. ಕೈಕೆಲಸದ ಮಾಲು ಮಾರೋರು, ಅದನ್ನ ಹೆಂಗೆ ಮಾಡ್ತೀವಿ ಅಂತ ನಾಲ್ಕು ಮಾತು ಹೇಳೋಕೆ ಬೇಜಾರಿಲ್ಲದವರು ಮಾಸ್ಟೋಡಾನ್ ನೋಡಬಹುದು. ಬಫರ್ ಅಂದ್ರೆ ಪೋಸ್ಟುಗಳನ್ನ ಮೊದಲೇ ಬರೆದಿಟ್ಟರೆ ಹೇಳಿದ ಹೊತ್ತಿಗೆ ತಾನೇ ಹಾಕೋ ಟೂಲು. ಒಳ್ಳೇದೇ, ಆದರೆ ನಮ್ಮಂಥ ಸಣ್ಣ ವ್ಯಾಪಾರಕ್ಕೆ ದುಡ್ಡು ಕೊಟ್ಟು ತಗೊಳ್ಳೋ ಜರೂರು ಇಲ್ಲ.

ನಾವು ಧಾರವಾಡದ ಮಾಳಮಡ್ಡಿಯಲ್ಲಿ ಮನೆ ಮುಂದಿನ ಖೋಲಿಯಲ್ಲೇ ಕಸೂತಿ ವ್ಯಾಪಾರ ಮಾಡೋರು. ಇಳಕಲ್‌ನಿಂದ ಸೀರೆ ತರಿಸ್ತೀವಿ, ಸುತ್ತಲಿನ ಹೆಣ್ಣುಮಕ್ಕಳು ತಮ್ಮ ಮನೆಯಲ್ಲೇ ಕೂತು ಹೊಲಿದು ಕೊಡ್ತಾರೆ. ಚಂದ್ರಕಾಳಿ ಸೀರೆ, ಕುಪ್ಪಸದ ಬಟ್ಟೆ, ಪರ್ಸು, ಪುಸ್ತಕದಲ್ಲಿ ಗುರುತಿಗೆ ಇಡೋ ಪಟ್ಟಿ, ಇಷ್ಟೇ. ಸೆರಗು ತುಂಬ ಕೆಲಸ ಇರೋ ಸೀರೆ ಅಂದ್ರೆ ತಿಂಗಳುಗಟ್ಟಲೆ ಹಿಡೀತದೆ. ಹಾಗಾಗಿ ದಿನಾ ಹೊಸ ಮಾಲು ತೋರಿಸೋ ವ್ಯಾಪಾರ ನಮ್ಮದಲ್ಲ. ದಿನಾ ಹೊಸ ರೀಲ್ ಕೇಳೋ ಆಪ್‌ಗೂ ನಮಗೂ ಅಲ್ಲೇ ಜಗಳ.

ಹೊಸ ಜಾಗ ಹುಡುಕೋಕೆ ಕಾರಣ ಇತ್ತು. ದಸರಾ ಹತ್ತಿರ ಬಂದಾಗ, ವರ್ಷದ ವ್ಯಾಪಾರ ಆಗೋ ಹೊತ್ತಿಗೆ, ದೊಡ್ಡ ಆಪ್ ಒಂದರಲ್ಲಿದ್ದ ನಮ್ಮ ಪೇಜು ಲಾಕ್ ಆಯ್ತು. ಯಾಕೆ ಅಂತ ಹೇಳೋರಿಲ್ಲ. ಮುಖದ ವಿಡಿಯೋ ಕಳಿಸು ಅಂದ್ರು, ಕಳಿಸಿದೆ. ಮತ್ತೆ ಕಳಿಸು ಅಂದ್ರು. ಪೇಜು ವಾಪಸ್ ಬರೋದರೊಳಗೆ ಹಬ್ಬ ಮುಗಿದಿತ್ತು. ಮೂರ್ನಾಲ್ಕು ವರ್ಷ ಕೂಡಿಸಿದ ಗಿರಾಕಿಗಳ ಪಟ್ಟಿ ನಮ್ಮ ಕೈಯಲ್ಲಿಲ್ಲ, ಅವರ ಕೈಯಲ್ಲಿದೆ ಅನ್ನೋದು ಆವತ್ತು ಸರಿಯಾಗಿ ತಿಳೀತು. ನಮ್ಮ ದೇಶದಲ್ಲಿ ಇದು ಹೊಸದೂ ಅಲ್ಲ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧ ಆಯ್ತು. ಅದೇ ವರ್ಷ ಬೆಂಗಳೂರಲ್ಲಿ, ಅದೂ ಮೊದಲು ಕನ್ನಡದಲ್ಲೇ ಶುರುವಾದ, ಟ್ವಿಟ್ಟರ್ ತರಹದ ಕೂ ಆಪ್ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಅಂಗಡಿ ಮುಚ್ಚಿದರೆ ಒಳಗಿನ ಮಾಲನ್ನಾದರೂ ಹೊರಗೆ ತರಬಹುದು. ಇಲ್ಲಿ ಹಿಂಬಾಲಕರನ್ನ ಎಲ್ಲಿಗಂತ ಕರ್ಕೊಂಡು ಹೋಗೋದು?

ಆ ಪ್ರಶ್ನೆಗೆ ಮಾಸ್ಟೋಡಾನ್ ಅರ್ಧ ಉತ್ತರ ಕೊಡ್ತದೆ. ಜರ್ಮನಿಯ ಯೂಜೆನ್ ರೋಚ್ಕೋ 2016ರಲ್ಲಿ ಶುರುಮಾಡಿದ್ದು. ಒಂದೇ ಕಂಪನಿಯ ಒಂದೇ ಗೋಡೌನ್ ಅಲ್ಲ, ಬೇರೆ ಬೇರೆಯವರು ನಡೆಸೋ ಸಾವಿರಾರು ಸರ್ವರ್‌ಗಳು. ಏರ್‌ಟೆಲ್ ನಂಬರಿಂದ ಜಿಯೋ ನಂಬರಿಗೆ ಫೋನ್ ಹೋಗೋ ಹಾಗೆ ಈ ಸರ್ವರಿನವರು ಆ ಸರ್ವರಿನವರನ್ನ ಹಿಂಬಾಲಿಸಬಹುದು. ಒಳಗೆ ಓಡೋ ನಿಯಮಾವಳಿಗೆ ಆಕ್ಟಿವಿಟಿಪಬ್ ಅಂತ ಹೆಸರು, 2018ರಲ್ಲಿ ವೆಬ್‌ನ ನಿಯಮ ರೂಪಿಸೋ ಡಬ್ಲ್ಯೂ3ಸಿ ಸಂಸ್ಥೆ ಅದನ್ನ ಸ್ಟ್ಯಾಂಡರ್ಡ್ ಅಂತ ಒಪ್ಪಿಕೊಂಡಿದೆ. ಸರ್ವರ್ ಬೇಜಾರಾದರೆ ಇನ್ನೊಂದಕ್ಕೆ ಹೋಗಬಹುದು, ಹಿಂಬಾಲಕರು ಜೊತೆಗೇ ಬರ್ತಾರೆ. ಆದರೆ ಹಳೇ ಪೋಸ್ಟುಗಳು ಬರೋದಿಲ್ಲ, ಫೋಟೋಗಳೆಲ್ಲ ಹಳೇ ಮನೆಯಲ್ಲೇ. ಬ್ಯಾಕಪ್ ಇಳಿಸಿಕೊಳ್ಳಬಹುದು, ಹೊಸ ಜಾಗದಲ್ಲಿ ಅದನ್ನ ಏರಿಸೋಕೆ ಆಗೋದಿಲ್ಲ. ಅರ್ಧ ಉತ್ತರ ಅಂದಿದ್ದು ಇದಕ್ಕೇ.

ಸರ್ವರ್ ಆರಿಸೋವಾಗ ಎರಡು ನೋಡ್ರಿ. ಮೊದಲನೇದು, ಅವರ ನಿಯಮಗಳ ಪುಟ. ಕೆಲವು ಕಡೆ ವ್ಯಾಪಾರದ ಖಾತೆನೇ ಬೇಡ ಅಂತಾರೆ, ಕೆಲವು ಕಡೆ ಸ್ವಂತ ಕೈಕೆಲಸ ಆದರೆ ಪರವಾಗಿಲ್ಲ ಅಂತಾರೆ. ಎರಡನೇದು, ಜಾಯಿನ್‌ಮಾಸ್ಟೋಡಾನ್ ಸೈಟಿನ ಪಟ್ಟಿಯಲ್ಲಿ ಆ ಸರ್ವರ್ ಇದೆಯೋ ಇಲ್ಲವೋ. ಆ ಪಟ್ಟಿಯಲ್ಲಿರೋರು ಮುಚ್ಚೋ ಮುಂಚೆ ಕನಿಷ್ಠ 3 ತಿಂಗಳು ಮೊದಲೇ ಹೇಳ್ತೀವಿ ಅಂತ ಒಪ್ಪಿಕೊಂಡಿರ್ತಾರೆ. ನಮ್ಮ ಭಾಗದ ಎಷ್ಟೋ ಬಾಡಿಗೆ ಮಾಲೀಕರು ಅಷ್ಟು ನೋಟಿಸ್ ಕೊಡೋದಿಲ್ಲ ಬಿಡ್ರಿ.

ಈಗ ಟೂಲಿನ ಮಾತು. ನಾನು ಮೊದಲು ಬಳಸ್ತಿದ್ದದ್ದು ಬೇರೆ ಕಂಪನಿಯದು, ಹೆಸರು ಬೇಡ. 2023ರ ಫೆಬ್ರುವರಿಯಲ್ಲಿ ಟ್ವಿಟ್ಟರ್ ತನ್ನ ಎಪಿಐ (ಬೇರೆ ಟೂಲುಗಳು ಒಳಗೆ ಬಂದು ಪೋಸ್ಟ್ ಹಾಕೋ ಬಾಗಿಲು) ಇನ್ನು ಪುಕ್ಕಟೆ ಸಿಗೋದಿಲ್ಲ ಅಂತ ಸಾರಿದ ಮೇಲೆ ಟೂಲುಗಳ ಲೋಕದಲ್ಲಿ ಗದ್ದಲ ಆಯ್ತು. ನಮ್ಮ ಟೂಲಿನವರು ರೇಟ್ ಏರಿಸಿದರು, ನಾವು ಟ್ವಿಟ್ಟರಲ್ಲಿ ಏನೂ ಮಾರದಿದ್ದರೂ ನಮ್ಮ ಬಿಲ್ಲೂ ಏರಿತು. ಮಾಸ್ಟೋಡಾನ್, ಬ್ಲೂಸ್ಕೈ ಕಡೆ ಆ ತರಹದ ಬಾಗಿಲು ಕಾಯೋರಿಲ್ಲ. ಎಪಿಐ ಎಲ್ಲರಿಗೂ ತೆರೆದಿರ್ತದೆ, ಟೂಲು ಮಾಡೋರು ಯಾರಿಗೂ ಕಪ್ಪ ಕಟ್ಟಬೇಕಿಲ್ಲ. ಬಫರ್‌ನಂಥ, ಫೆಡಿಕಾದಂಥ ಟೂಲುಗಳು ಇವನ್ನ ಬೇಗ ಸೇರಿಸಿಕೊಂಡಿದ್ದು ಹೀಗೆ. ಹೀಗೆ ಒಬ್ಬರ ಕೈಯಲ್ಲೇ ಇಲ್ಲದ ವಿಕೇಂದ್ರಿತ ಜಾಲ ಸಣ್ಣ ವ್ಯಾಪಾರಿಗೆ ಏನು ಕೊಟ್ಟಿತು ಅಂತ ಯಾರಾದರೂ ಕೇಳಿದ್ರೆ ನಾನು ಮೊದಲು ಹೇಳೋದು ಇದನ್ನೇ. ಗಿರಾಕಿ ಆಮೇಲೆ. ಟೂಲಿನ ಖರ್ಚು ನಾಳೆ ಬೆಳಿಗ್ಗೆ ಎದ್ದು ನೋಡೋದರೊಳಗೆ ದುಪ್ಪಟ್ಟಾಗೋ ಭಯ ಇಲ್ಲಿ ಕಡಿಮೆ.

ಬಫರ್ ಫ್ರೀ ಪ್ಲಾನಲ್ಲಿ 3 ಚಾನೆಲ್, ಅಂದ್ರೆ 3 ಜಾಲತಾಣದ ಖಾತೆ ಸೇರಿಸಬಹುದು, ಒಂದೊಂದಕ್ಕೂ 10 ಪೋಸ್ಟ್ ಸಾಲಲ್ಲಿ ನಿಲ್ಲಿಸಬಹುದು. ಒಂದು ಹೋದ ಮೇಲೆ ಇನ್ನೊಂದು ಸೇರಿಸಿದರಾಯ್ತು. ನಮಗೆ ಧಾರಾಳ ಆಯ್ತು. ಒಂದೇ ಫೋಟೋ ಇಟ್ಟು ಒಂದೊಂದು ಜಾಲಕ್ಕೆ ಬೇರೆ ಬೇರೆ ಮಾತು ಬರೆಯೋಕೆ ಬರ್ತದೆ, ನನಗೆ ಬಹಳ ಹಿಡಿಸಿದ್ದು ಅದೇ. ಇನ್‌ಸ್ಟಾಗ್ರಾಮಲ್ಲಿ ಉದ್ದ ಬರೆದದ್ದು ಮಾಸ್ಟೋಡಾನ್‌ನ 500 ಅಕ್ಷರದಲ್ಲಿ ಕೂರೋದಿಲ್ಲ, ಬ್ಲೂಸ್ಕೈನ 300ರಲ್ಲಂತೂ ಇಲ್ಲವೇ ಇಲ್ಲ. ಆದರೆ ಕನ್ನಡದಲ್ಲಿ ಬರೆಯೋರಿಗೆ ಬ್ಲೂಸ್ಕೈ ಎಣಿಕೆಯಲ್ಲಿ ಒಂದು ಲಾಭ ಇದೆ. ಅಲ್ಲಿ ಕೊಂಬು, ಗುಡಿಸು, ದೀರ್ಘ ಬೇರೆ ಲೆಕ್ಕಕ್ಕೆ ಬರೋದಿಲ್ಲ. 'ಹುಬ್ಬಳ್ಳಿ' ಅಂತ ಬರೆದರೆ ಬ್ಲೂಸ್ಕೈ 5 ಅಂತದೆ, ಎಕ್ಸ್‌ನಲ್ಲಿ (ಹಳೇ ಟ್ವಿಟ್ಟರ್) ಅದೇ 9 ಆಗ್ತದೆ. ಹಾಗಾಗಿ 300 ಅನ್ನೋದು ನಮ್ಮ ಭಾಷೆಗೆ ಮೇಲೆ ಕಂಡಷ್ಟು ಇಕ್ಕಟ್ಟಲ್ಲ.

ದುಡ್ಡಿನ ಪ್ಲಾನ್ ಡಾಲರ್ ಲೆಕ್ಕದಲ್ಲಿ, ಚಾನೆಲ್ಲಿಗೆ ಇಷ್ಟು ಅಂತ. ಅದರ ಮೇಲೆ ಕಾರ್ಡಿನವರ ವಿದೇಶಿ ವಹಿವಾಟಿನ ಚಾರ್ಜು. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ ತಿಂಗಳು ತಿಂಗಳು ತಾನಾಗೇ ಕಡಿತ ಆಗೋ ಪಾವತಿಗಳಿಗೆ ಕಾರ್ಡಿನಲ್ಲಿ ಬೇರೆ ಒಪ್ಪಿಗೆ ಕೊಡಬೇಕು, ಅದೊಂದು ಕಿರಿಕಿರಿ. ಹೆಚ್ಚು ದುಡ್ಡು ಕೊಟ್ಟರೆ ಸಿಗೋದರಲ್ಲಿ ಅಂಕಿಅಂಶದ ಚಾರ್ಟೂ ಒಂದು. ಮಾಸ್ಟೋಡಾನ್ ಎಷ್ಟು ಜನ ನೋಡಿದರು ಅನ್ನೋದನ್ನೇ ಲೆಕ್ಕ ಇಡೋದಿಲ್ಲ. ಇಲ್ಲದ ಲೆಕ್ಕಕ್ಕೆ ಚಾರ್ಟ್ ಎಲ್ಲಿಂದ ಬರ್ತದೆ?

ಟೈಮ್ ಹೊಂದಿಸೋದರಲ್ಲಿ ಮಾತ್ರ ಬಫರ್ ನಿಜವಾಗಿ ದುಡೀತದೆ. ಮಾಸ್ಟೋಡಾನ್‌ನಲ್ಲಿ ಯಾವ ಪೋಸ್ಟ್ ಮೇಲೆ ಬರಬೇಕು ಅಂತ ಮಷೀನು ನಿರ್ಧರಿಸೋದಿಲ್ಲ, ಹೊಸದು ಮೇಲೆ, ಹಳೇದು ಕೆಳಗೆ. ನಾವು ಊಟ ಮುಗಿಸಿ ರಾತ್ರಿ 9ಕ್ಕೆ ಕೂತರೆ ಜರ್ಮನಿಯಲ್ಲಿ ಇನ್ನೂ ಸಂಜೆ. ಅಮೆರಿಕದ ಹೊಲಿಗೆಯವರಿಗೆ ತೋರಿಸಬೇಕಂದ್ರೆ ನಮ್ಮ ನಡುರಾತ್ರಿ ಆಗಬೇಕು. ಅದನ್ನ ಬಫರ್‌ಗೆ ಬಿಟ್ಟು ಮಲಗ್ತೀನಿ. ಬೆಳಿಗ್ಗೆ ಎದ್ದು ಉತ್ತರ ಕೊಡೋಕೆ ಮಾತ್ರ ಮಾಸ್ಟೋಡಾನ್ ಆಪ್‌ಗೇ ಹೋಗ್ತೀನಿ.

ಉತ್ತರ ಕೊಡೋದೇ ಅಲ್ಲಿ ವ್ಯಾಪಾರ. 'ಹೊಸ ಸ್ಟಾಕ್ ಬಂದಿದೆ, ಡಿಎಂ ಮಾಡಿ' ಅನ್ನೋ ಪೋಸ್ಟಿಗೆ ಮಾಸ್ಟೋಡಾನ್‌ನಲ್ಲಿ ಯಾರೂ ತಿರುಗಿ ನೋಡೋದಿಲ್ಲ. ಜಾಹೀರಾತಿಲ್ಲ, ದುಡ್ಡು ಕೊಟ್ಟು ಬೂಸ್ಟ್ ಮಾಡೋ ಗುಂಡಿ ಇಲ್ಲ. ಫೋಟೋಗೆ ವಿವರಣೆ ಬರೆಯದೆ ಹಾಕಿದರೆ ಅಪರಿಚಿತರೇ ಬಂದು ನಯವಾಗಿ ಕೇಳ್ತಾರೆ, ಕಣ್ಣು ಕಾಣದವರು ಇದನ್ನ ಹೆಂಗೆ ತಿಳ್ಕೋಬೇಕು ಅಂತ. ಮೊದಮೊದಲು ಇದೇನು ತಲೆಬಿಸಿ ಅನ್ನಿಸ್ತಿತ್ತು. ಈಗ ನಾನು ವಿವರಣೆಗೇ ಹೆಚ್ಚು ಹೊತ್ತು ಕೊಡ್ತೀನಿ: 'ಕಪ್ಪು ಚಂದ್ರಕಾಳಿ ಸೀರೆಯ ಸೆರಗು. ಬಿಳಿ, ಕೆಂಪು, ಹಳದಿ ದಾರದಲ್ಲಿ ಗೋಪುರ. ಅದರ ಎರಡೂ ಕಡೆ ಆನೆ, ಕೆಳಗೆ ತುಳಸಿ ಕಟ್ಟೆಯ ಸಾಲು. ಗೆರೆಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ, ಎಲ್ಲೂ ದುಂಡಗಿಲ್ಲ.' ಹೀಗೆ ಬರೆದದ್ದನ್ನ ಕಾಪಿ ಮಾಡಿ ವಾಟ್ಸಾಪ್ ಗಿರಾಕಿಗಳಿಗೂ ಕಳಿಸ್ತೀನಿ. ಬರೀ 'ರೇಟ್ ಎಷ್ಟ್ರೀ' ಅಂತ ಕೇಳ್ತಿದ್ದವರು ಈಗ 'ಆನೆ ಬದಲು ತೇರು ಹಾಕ್ತೀರೇನ್ರಿ' ಅಂತ ಕೇಳೋ ಹಾಗಾಗಿದೆ.

ಗವಂತಿ ಅನ್ನೋ ಕಸೂತಿ ಹೊಲಿಗೆ ಹಾಕಿದ ಒಂದು ಪಟ್ಟಿಯ ಫೋಟೋ ಹಾಕಿದ್ದೆ. ಯುರೋಪಿನ ಯಾರೋ ಹೊಲಿಗೆಯವರು ಇಂಗ್ಲಿಷಿನಲ್ಲಿ ಕೇಳಿದರು: ಇದು ನಮ್ಮ ಹೋಲ್ಬೈನ್ ಹೊಲಿಗೆ ಇದ್ದ ಹಾಗಿದೆ, ಹಿಂದಿನ ಮಗ್ಗಲು ತೋರಿಸ್ತೀರಾ? ಗವಂತಿಯಲ್ಲಿ ಸೂಜಿ ಒಂದಷ್ಟು ಎಳೆ ಬಿಟ್ಟು ಒಂದಷ್ಟು ಎಳೆ ಹಿಡಿದು ಮುಂದೆ ಹೋಗ್ತದೆ, ವಾಪಸ್ ಬರೋವಾಗ ಬಿಟ್ಟ ಜಾಗ ತುಂಬ್ತದೆ. ಗಂಟು ಹಾಕೋ ಹಾಗಿಲ್ಲ. ಗುರುತು ಹಾಕಿಕೊಳ್ಳೋದೂ ಇಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕೋದು. ಕೆಲಸ ಚೊಕ್ಕ ಇದ್ದರೆ ಹಿಂದು ಮುಂದು ಎರಡೂ ಒಂದೇ. ನಾನು ಪಟ್ಟಿ ಹೊಲಿದ ಅಕ್ಕನ ಮನೆಗೇ ಹೋಗಿ ಕಿಟಕಿ ಬೆಳಕಲ್ಲಿ ಮಗುಚಿ ಫೋಟೋ ತೆಗೆದೆ. ಯಾಕೆ ಅಂತ ಕೇಳಿದಳು, ಹೇಳಿದೆ. 'ಹಿಂದ ತೋರ್ಸಂತಾರಂದ್ರ ಕೆಲಸ ಗೊತ್ತಿದ್ದೋರ ಇರಬೇಕ್ ತಗೀ' ಅಂದು, ಒಂದು ಕಡೆ ಸಡಿಲ ಬಿದ್ದಿದ್ದ ದಾರವನ್ನ ಸೂಜಿ ತುದಿಯಿಂದ ಎಳೆದು ಸರಿಮಾಡಿದಳು. 'ಈಗ ತಗಿ' ಅಂದಳು. ಲೈನ್ ಬಜಾರಿಗೆ ಪೇಢೆ ತರೋಕೆ ಬಂದು ಹಂಗೇ ನಮ್ಮಲ್ಲಿಗೂ ಬರೋ ಗಿರಾಕಿಗಳಲ್ಲಿ ಸೀರೆ ಮಗುಚಿ ನೋಡೋರು ವಯಸ್ಸಾದವರು ಮಾತ್ರ.

ಆ ಫೋಟೋ ಬಹಳ ಕಡೆ ಹಂಚಿಹೋಯ್ತು. ಸೀರೆ ಆರ್ಡರ್ ಬಂತಾ ಅಂದ್ರೆ, ಇಲ್ಲ. ಅಲ್ಲಿಯವರು ಸೀರೆ ಉಡೋದಿಲ್ಲವಲ್ಲ! ಪುಸ್ತಕದ ಪಟ್ಟಿ, ಚೌಕದ ತುಂಡು ಬಟ್ಟೆ ಕೇಳಿದರು. ಹೊರದೇಶಕ್ಕೆ ಮಾರೋಕೆ ಐಇಸಿ (ಆಮದು-ರಫ್ತು ಕೋಡ್) ನಂಬರ್ ಬೇಕು, ಪ್ಯಾನ್ ಮೇಲೇ ಸಿಗ್ತದೆ, ಮಾಡಿಸಿದೆವು. ಆದರೆ ಸಣ್ಣ ಪಟ್ಟಿಗೆ ಅಂಚೆ ಖರ್ಚೇ ಭಾರ. ಯುಪಿಐ ಅವರಿಗೆ ಉಪಯೋಗಕ್ಕೆ ಬರೋದಿಲ್ಲ, ಬೇರೆ ದಾರಿಯಲ್ಲಿ ದುಡ್ಡು ತಗೊಂಡರೆ ಅದಕ್ಕೊಂದು ಕಡಿತ. ನಿಜವಾದ ಲಾಭ ಬೇರೆ ಕಡೆಯಿಂದ ಬಂತು. ಆ ಮಾತುಕತೆ ಓದ್ತಿದ್ದ ಪುಣೆಯ, ಬೆಂಗಳೂರಿನ ಕೆಲವು ಕನ್ನಡದವರು ಫೋನ್ ಮಾಡಿದರು. ಚೌಕಾಸಿ ಮಾಡದೆ ತಗೊಂಡವರು ಅವರೇ.

ಒಂದು ಎಚ್ಚರಿಕೆ. ಮಾಸ್ಟೋಡಾನ್‌ನ ಖಾಸಗಿ ಸಂದೇಶ ವಾಟ್ಸಾಪ್ ತರಹ ಬೀಗ ಹಾಕಿದ್ದಲ್ಲ, ಸರ್ವರ್ ನಡೆಸೋರು ಮನಸ್ಸು ಮಾಡಿದರೆ ಓದಬಹುದು. ವಿಳಾಸ, ಫೋನ್ ನಂಬರ್, ದುಡ್ಡಿನ ವಿಷಯ ಅಲ್ಲಿ ಬೇಡ. ನಾನು ಇಮೇಲ್ ಕೊಡ್ತೀನಿ.

ಬ್ಲೂಸ್ಕೈ ಬಗ್ಗೆ ಹೇಳೋಕೆ ಕಡಿಮೆ. 2024ರ ಫೆಬ್ರುವರಿವರೆಗೆ ಆಮಂತ್ರಣ ಇದ್ದವರಿಗಷ್ಟೇ ಪ್ರವೇಶ ಇತ್ತು, ಈಗ ಎಲ್ಲರಿಗೂ. ಮಾಸ್ಟೋಡಾನ್‌ಗಿಂತ ಸುಲಭ, ಸರ್ವರ್ ಆರಿಸೋ ತಾಪತ್ರಯ ಇಲ್ಲ. ನಮ್ಮ ವೆಬ್‌ಸೈಟಿನ ಹೆಸರನ್ನೇ ಅಲ್ಲಿ ಖಾತೆಯ ಹೆಸರಾಗಿ ಇಟ್ಟುಕೊಳ್ಳಬಹುದು. ಆ ಹೆಸರು ನಮ್ಮದೇ ಅಂತ ತೋರಿಸೋಕೆ ಡೊಮೈನ್ ಸೆಟ್ಟಿಂಗಲ್ಲಿ ಟಿಎಕ್ಸ್‌ಟಿ ರೆಕಾರ್ಡ್ ಅನ್ನೋ ಒಂದು ಸಾಲು ಸೇರಿಸಬೇಕು, ನನ್ನ ಮಗಳು ಚಹಾ ಆರೋದರೊಳಗೆ ಮುಗಿಸಿದಳು. ನಮ್ಮ ಹೆಸರಲ್ಲಿ ಇನ್ಯಾರೋ ನಕಲಿ ಖಾತೆ ತೆರೆಯೋ ಭಯ ಇರೋ ಈ ಕಾಲದಲ್ಲಿ ಇದು ದೊಡ್ಡ ಮಾತು. ಮಾಸ್ಟೋಡಾನ್‌ನಲ್ಲೂ ವೆಬ್‌ಸೈಟಲ್ಲಿ ಒಂದು ಲಿಂಕ್ ಇಟ್ಟರೆ ಪ್ರೊಫೈಲಲ್ಲಿ ಹಸಿರು ಗುರುತು ಬರ್ತದೆ, ಒಂದು ಪೈಸೆ ಖರ್ಚಿಲ್ಲ. ಆದರೆ ಬ್ಲೂಸ್ಕೈನಲ್ಲಿ ಪೋಸ್ಟ್ ಹಾಕಿದ ಮೇಲೆ ತಿದ್ದೋ ಸೌಲಭ್ಯ ಸದ್ಯ ಇಲ್ಲ. ಬೆಲೆ ಬರೆಯೋ ವ್ಯಾಪಾರಿಗೆ ಅದು ತೊಂದರೆ, ಹಾಗಾಗಿ ಅಲ್ಲಿ ನಾನು ಬೆಲೆ ಬರೆಯೋದೇ ಬಿಟ್ಟಿದ್ದೀನಿ. ಜನ ಇದ್ದಾರೆ, ಮಾತೂ ಇದೆ, ಆದರೆ ಹೊಲಿಗೆಗಿಂತ ರಾಜಕೀಯ ಹೆಚ್ಚು ಕಣ್ಣಿಗೆ ಬಿತ್ತು. ನಮ್ಮಲ್ಲಿಗೆ ಅಲ್ಲಿಂದ ಬಂದ ಗಿರಾಕಿ ಅಂತ ಬೆರಳು ಮಾಡಿ ತೋರಿಸೋ ಹಾಗಿಲ್ಲ.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ ಇಟ್ಟಿರೋ ನಮ್ಮ ಸಂಬಂಧಿಕರೊಬ್ಬರು ಇದನ್ನೆಲ್ಲ ಕೇಳಿ 'ನಾನೂ ಸೇರ್ಲೇನು' ಅಂದ್ರು. ಬೇಡ ಅಂದೆ. ಅವರ ಗಿರಾಕಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡೋ ಚಿಗರಿ ಬಸ್ಸಿಳಿದು ನಡ್ಕೊಂಡು ಬರೋರು. ಅವರಿಗೆ ಗೂಗಲ್ ಮ್ಯಾಪಲ್ಲಿ ಅಂಗಡಿ ತೆರೆಯೋ ಹೊತ್ತು ಸರಿ ಇದ್ದರೆ ಸಾಕು, ಅದು ಈಗಲೂ ತಪ್ಪೇ ಇದೆ.

ಅಂಕ ಕೊಡೋದಾದರೆ ಬಫರ್ ಫ್ರೀ ಪ್ಲಾನಿಗೆ 5ಕ್ಕೆ 4, ಮಾಸ್ಟೋಡಾನ್‌ಗೆ ಮೂರೂವರೆ, ಬ್ಲೂಸ್ಕೈಗೆ ಎರಡೂವರೆ. ಬಫರ್‌ನ 3 ಚಾನೆಲ್ಲಿನಲ್ಲಿ ಸದ್ಯ ಇನ್‌ಸ್ಟಾಗ್ರಾಮ್, ಮಾಸ್ಟೋಡಾನ್, ಬ್ಲೂಸ್ಕೈ ಇವೆ. ಬರೋ ದೀಪಾವಳಿವರೆಗೆ ಬ್ಲೂಸ್ಕೈನಿಂದ ಒಂದಾದರೂ ಆರ್ಡರ್ ಬರದಿದ್ದರೆ ಅದನ್ನ ತೆಗೆದು ಆ ಜಾಗಕ್ಕೆ ಫೇಸ್‌ಬುಕ್ ಪೇಜು ಸೇರಿಸ್ತೀನಿ. ಹಳೇ ಗಿರಾಕಿಗಳ ಅತ್ತೆಯಂದಿರು ಇನ್ನೂ ಅಲ್ಲೇ ಇದ್ದಾರೆ.