ಕ್ಯಾಲಿಫೋರ್ನಿಯಾದಲ್ಲಿ ಪಿಸ್ತೂಲು ಬದಲಾಯಿಸಿಕೊಳ್ಳುವವರೇ, ಹಳೆಯದನ್ನು ಅಂಗಡಿಗೆ ಕೊಡುವ ಮೊದಲು ಇದನ್ನು ಓದಿ

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಲ್ಲಿ ಯಾರಾದರೂ ತಮ್ಮ ಹಳೆಯ ಪಿಸ್ತೂಲನ್ನು ಅಂಗಡಿಗೆ ಕೊಟ್ಟು ಹೊಸದನ್ನು ಕೊಳ್ಳುವ ಯೋಚನೆಯಲ್ಲಿದ್ದರೆ ದಯವಿಟ್ಟು ಇಷ್ಟನ್ನು ಮಾಡಿ: ಹೊಸದರ ಪೆಟ್ಟಿಗೆಯ ಮೇಲಿರುವ ಮಾಡೆಲ್ ಸಂಖ್ಯೆಯನ್ನು ರಾಜ್ಯದ ರೋಸ್ಟರ್‌ನೊಂದಿಗೆ (ಮಾರಬಹುದಾದ ಕೈಬಂದೂಕುಗಳ ಪಟ್ಟಿ) ಅಕ್ಷರಕ್ಕೆ ಅಕ್ಷರ ತಾಳೆ ನೋಡುವವರೆಗೆ ಹಳೆಯದು ನಿಮ್ಮ ಮನೆಯ ಲಾಕರ್‌ನಲ್ಲೇ ಇರಲಿ. ನನ್ನ ಹಳೆಯ ಪಿಸ್ತೂಲು ಹೋಯಿತು, ಹೊಸದು ಬರಲಿಲ್ಲ. ಕೈಯಲ್ಲಿ ಉಳಿದಿರುವುದು ಅಂಗಡಿಯವನು ಕೊಟ್ಟ ಸ್ಟೋರ್ ಕ್ರೆಡಿಟ್ ಚೀಟಿ ಮಾತ್ರ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದೇ ಕೌಂಟರಿನ ಮುಂದೆ ನಾಳೆ ನಮ್ಮವರೇ ಇನ್ನೊಬ್ಬರು ನಿಲ್ಲಬಹುದೆಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ರೋಸ್ಟರ್ ಎಂದರೇನೆಂದು ಇಲ್ಲಿ ಬಂದೂಕು ಕೊಂಡವರಿಗೆ ಹೇಳಬೇಕಾಗಿಲ್ಲ. 2001ರಿಂದ ಈ ರಾಜ್ಯದ ಅಂಗಡಿಯವನು ಸಾಮಾನ್ಯ ಗ್ರಾಹಕನಿಗೆ ಮಾರಬಹುದಾದದ್ದು ಆ ಪಟ್ಟಿಯಲ್ಲಿರುವ ಕೈಬಂದೂಕುಗಳನ್ನು ಮಾತ್ರ. ಹೊಸದಾಗಿ ಪಟ್ಟಿಗೆ ಸೇರುವ ಸೆಮಿ-ಆಟೋಮ್ಯಾಟಿಕ್ ಪಿಸ್ತೂಲಿಗೆ, ಚೇಂಬರಿನಲ್ಲಿ ಗುಂಡಿದೆಯೆಂದು ತೋರಿಸುವ ಸೂಚಕವೂ ಮ್ಯಾಗಜೀನ್ ಹೊರಗಿದ್ದಾಗ ಗುಂಡು ಹಾರದಂತೆ ತಡೆಯುವ ವ್ಯವಸ್ಥೆಯೂ ಇರಬೇಕೆಂದು 2007ರಲ್ಲಿ ಕಡ್ಡಾಯವಾಯಿತು. 2013ರಲ್ಲಿ ಖಾಲಿ ತೋಟೆಯ ಮೇಲೆ ಪಿಸ್ತೂಲಿನ ಗುರುತು ಒತ್ತುವ ಮೈಕ್ರೋಸ್ಟ್ಯಾಂಪಿಂಗ್ ಬೇರೆ ಸೇರಿಕೊಂಡಿತು. ಆಮೇಲೆ ಹೊಸ ಮಾಡೆಲ್‌ಗಳು ಬರುವುದೇ ನಿಂತುಹೋಗಿ, ದೇಶದ ಉಳಿದವರು ಗ್ಲಾಕ್ ಪಿಸ್ತೂಲಿನ ಐದನೇ ತಲೆಮಾರು (ಜೆನ್ 5) ಕೊಳ್ಳುವ ಕಾಲದಲ್ಲೂ ನಾವು ಮೂರನೆಯದನ್ನೇ (ಜೆನ್ 3) ಹಿಡಿದುಕೊಂಡೇ ಇದ್ದೆವು. 2023ರ ಮಾರ್ಚ್‌ನಲ್ಲಿ, ಈ ನಿಯಮಗಳನ್ನು ಪ್ರಶ್ನಿಸಿದ ಬೋಲಂಡ್ ಪ್ರಕರಣದಲ್ಲಿ ಫೆಡರಲ್ ನ್ಯಾಯಾಲಯವು ಮೈಕ್ರೋಸ್ಟ್ಯಾಂಪಿಂಗ್‌ಗೆ ತಡೆಯೊಡ್ಡಿದ ಮೇಲೆ, ಉಳಿದೆರಡು ವ್ಯವಸ್ಥೆಗಳನ್ನು ಅಳವಡಿಸಿ ಕ್ಯಾಲಿಫೋರ್ನಿಯಾಕ್ಕೆಂದೇ ಮಾಡಿದ ಆವೃತ್ತಿಗಳು ಪಟ್ಟಿಗೆ ಬರತೊಡಗಿದವು. ನನಗಾದ ಮೋಸ ಹುಟ್ಟಿದ್ದು ಇಲ್ಲಿಯೇ. ನೆವಾಡಾದಲ್ಲಿ ಮಾರುವ ಪಿಸ್ತೂಲಿಗೂ ಇಲ್ಲಿ ಮಾರುವ ಪಿಸ್ತೂಲಿಗೂ ಹೆಸರು ಒಂದೇ, ನೋಟಕ್ಕೂ ಹೆಚ್ಚುಕಡಿಮೆ ಒಂದೇ. ಆದರೆ ರೋಸ್ಟರ್ ನೋಡುವುದು ಹೆಸರನ್ನಲ್ಲ, ಮಾಡೆಲ್ ಸಂಖ್ಯೆಯನ್ನು.

ನನ್ನದು ಹಳೆಯ ಒಂಬತ್ತು ಎಂಎಂ ಪಿಸ್ತೂಲು. ಗ್ರೀನ್ ಕಾರ್ಡ್ ಬಂದ ಮೇಲೆ, ಸುರಕ್ಷತಾ ಪ್ರಮಾಣಪತ್ರದ ಪರೀಕ್ಷೆ ಬರೆದು, 10 ದಿನದ ಕಾಯುವಿಕೆ ಮುಗಿಸಿ ಕೊಂಡದ್ದು. (ಎಚ್-1ಬಿ ವೀಸಾದಲ್ಲಿರುವ ಗೆಳೆಯರು ಗಮನಿಸಿ: ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ನೀವು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಅಪರಾಧ, ಅಂಗಡಿಯವನು ಏನೇ ಹೇಳಲಿ.) ಕೊಡಗಿನಲ್ಲಿ ವಿನಾಯಿತಿ ಪತ್ರದ ಮೇಲೆ ಮನೆಯಲ್ಲಿ ಕೋವಿ ಇರುವುದನ್ನು ನೋಡುತ್ತಲೇ ಬೆಳೆದವನಾದ್ದರಿಂದ ಕಾಗದಪತ್ರದ ವಿಷಯದಲ್ಲಿ ನಾನು ಉದಾಸೀನ ಮಾಡುವವನಲ್ಲ. ಹಾಗಾಗಿಯೇ ಅಂಗಡಿಯವನಿಗೆ ಸ್ಪಷ್ಟವಾಗಿ ಕೇಳಿದೆ: ಸ್ಲೈಡಿನ (ಪಿಸ್ತೂಲಿನ ಜಾರುವ ಮೇಲ್ಭಾಗ) ಮೇಲೆ ಗುರಿ ನೋಡುವ ಆಪ್ಟಿಕ್ ಕೂರಿಸಲು ಬರುವ ಹೊಸ ಮಾಡೆಲ್ ಬೇಕು, ಇದು ರೋಸ್ಟರ್‌ನಲ್ಲಿದೆಯೇ? ಅವನು ಕಂಪ್ಯೂಟರಿನ ಕಡೆ ತಿರುಗಿಯೂ ನೋಡದೆ, "ಇದು ಈಗ ಬಂದಿದೆ, ಬೇಕಾದಷ್ಟು ಮಾರಿದ್ದೇನೆ, ನೀವು ಚಿಂತೆ ಮಾಡಬೇಡಿ" ಎಂದ. ಹೊಸದಕ್ಕೆ 649 ಡಾಲರ್. ನನ್ನದಕ್ಕೆ ಅವನು ಕಟ್ಟಿದ ಬೆಲೆ 250. ಉಳಿದದ್ದರಲ್ಲಿ 200 ಡಾಲರ್ ಮುಂಗಡವನ್ನು ಕಾರ್ಡಿನಲ್ಲಿ ಕೊಟ್ಟೆ, ನನ್ನ ಪಿಸ್ತೂಲನ್ನು ಅವನು ತನ್ನ ದಾಖಲೆ ಪುಸ್ತಕಕ್ಕೆ ಸೇರಿಸಿಕೊಂಡ, ಹೊಸದು ಸಗಟು ವ್ಯಾಪಾರಿಯಿಂದ ಬರುತ್ತದೆ ಎಂದ.

ಅದು ಬಂದಿತು. ಮಾರಾಟವನ್ನು ರಾಜ್ಯಕ್ಕೆ ತಿಳಿಸುವ ಡ್ರಾಸ್ ಅರ್ಜಿ ತುಂಬಲು ಕೂತಾಗ ಕೌಂಟರಿನಲ್ಲಿದ್ದದ್ದು ಅವನಲ್ಲ, ಕಾಗದಪತ್ರ ನೋಡಿಕೊಳ್ಳುವ ವಯಸ್ಸಾದ ಒಬ್ಬ ಹೆಂಗಸು. ಆಕೆ ಕನ್ನಡಕ ಏರಿಸಿ, ಪೆಟ್ಟಿಗೆಯ ಬದಿಯ ಬಿಳಿ ಚೀಟಿಯ ಮೇಲೆ ಬೆರಳಿಟ್ಟು ಸಂಖ್ಯೆಯನ್ನು ಒಂದೊಂದೇ ಅಕ್ಷರವಾಗಿ ಓದಿ, ಪರದೆ ನೋಡಿ, ಮತ್ತೆ ಚೀಟಿ ನೋಡಿ, ಬೆರಳನ್ನು ಅಲ್ಲಿಂದ ತೆಗೆಯದೆಯೇ ನನ್ನ ಮುಖ ನೋಡಿದರು. ಕೊನೆಯಲ್ಲಿ ಇರಬೇಕಾಗಿದ್ದ ‘ಸಿಎ’ ಎಂಬ ಎರಡಕ್ಷರ ಅಲ್ಲಿರಲಿಲ್ಲ. ಸ್ಲೈಡಿನ ಮೇಲೆ ಸೂಚಕವೂ ಇರಲಿಲ್ಲ. ಎರಡು ಅಕ್ಷರ! ಬೇರೆ ರಾಜ್ಯಗಳಿಗೆ ಮಾಡಿದ ಪಿಸ್ತೂಲನ್ನು ನನಗಾಗಿ ತರಿಸಿದ್ದ ಅವನು.

ಸರಿ, ತಪ್ಪು ಆದೇಶವಾಗಿದೆ, ಸರಿಯಾದದ್ದನ್ನು ತರಿಸಿ ಎಂದೆ. ಆ ಆವೃತ್ತಿ ಸದ್ಯಕ್ಕೆ ಸಿಗುವುದಿಲ್ಲ, ಯಾವಾಗ ಸಿಗುತ್ತದೋ ಹೇಳಲಾಗದು ಎಂದರು. ಹಾಗಾದರೆ ಮುಂಗಡವನ್ನೂ ನನ್ನ ಪಿಸ್ತೂಲನ್ನೂ ವಾಪಸ್ ಕೊಡಿ ಎಂದೆ. ಆಗ ಒಳಗಿನಿಂದ ಬಂದ ನಮ್ಮ ಮಹಾಶಯ ಕೊಟ್ಟ ಉತ್ತರ ಇದು: "ನಿಮ್ಮ ಪಿಸ್ತೂಲು ಈಗ ನಮ್ಮದು. ವಾಪಸ್ ಬೇಕೆಂದರೆ ನಾವು ಅದನ್ನು ನಿಮಗೆ ಮಾರಬೇಕು. ಆದರೆ ಆ ಮಾಡೆಲ್ ರೋಸ್ಟರ್‌ನಿಂದ ಬಿದ್ದುಹೋಗಿದೆ, ನಿಮಗೆ ಮಾರಿದರೆ ನನ್ನ ಲೈಸೆನ್ಸ್ ಹೋಗುತ್ತದೆ."

ಇದನ್ನು ಹೇಳುವಾಗ ಅವನು ನಕ್ಕ. ನನಗೆ ಮರೆಯಲಾಗದಿರುವುದು ಆ ನಗು. ತಯಾರಕರು ಪ್ರತಿ ಮಾಡೆಲ್‌ಗೆ ವರ್ಷಕ್ಕೆ 200 ಡಾಲರ್ ಶುಲ್ಕ ಕಟ್ಟದಿದ್ದರೆ ಆ ಮಾಡೆಲ್ ಪಟ್ಟಿಯಿಂದ ಹೋಗುತ್ತದೆ. ಇದ್ದವರು ಇಟ್ಟುಕೊಳ್ಳಬಹುದು, ಆದರೆ ಅಂಗಡಿಯವನು ಅದನ್ನು ಪೊಲೀಸರಂಥ ವಿನಾಯಿತಿ ಇರುವವರಿಗಷ್ಟೇ ಮಾರಬಹುದು. ಹೊಸದನ್ನು ನನಗೆ ಮಾರುವಾಗ ನೆನಪಾಗದ ರೋಸ್ಟರ್, ನನ್ನದನ್ನು ನನಗೇ ಹಿಂದಿರುಗಿಸುವಾಗ ಅವನಿಗೆ ಬಾಯಿಪಾಠವಾಗಿತ್ತು. ನನ್ನದು ಪಟ್ಟಿಯಿಂದ ಹೋಗಿರುವುದು ಅವನಿಗೆ ಮೊದಲೇ ಗೊತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಏಕೆಂದರೆ 250 ಡಾಲರ್ ಎಂದಾಗ ಅವನು ಕೊಟ್ಟ ಕಾರಣವೇ "ಇದನ್ನು ಮಾರುವುದು ಕಷ್ಟ" ಎಂಬುದಾಗಿತ್ತು. ಪಟ್ಟಿಯಲ್ಲಿಲ್ಲದ ಪಿಸ್ತೂಲನ್ನು ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ ಡೀಲರ್ ಮೂಲಕ ಪಿಪಿಟಿ (ಖಾಸಗಿ ವ್ಯಕ್ತಿಗಳ ನಡುವಿನ ವರ್ಗಾವಣೆ) ಮಾಡಿ ಮಾರುವುದು ಕಾನೂನುಬದ್ಧ. ಡೀಲರ್ ತೆಗೆದುಕೊಳ್ಳಬಹುದಾದದ್ದು 10 ಡಾಲರ್, ಅದರ ಮೇಲೆ ರಾಜ್ಯದ ಶುಲ್ಕ 37.19. ಹೊಸದಾಗಿ ಸಿಗದ ಮಾಲು ಆದ್ದರಿಂದ ಅಲ್ಲಿ ಬೆಲೆ ಏರಿಯೇ ಇರುತ್ತದೆ. ಇದನ್ನು ಅವನು ಹೇಳಲಿಲ್ಲ. ಹೇಳುವುದಾದರೂ ಏಕೆ?

ಆಮೇಲೆ ದನಿ ತಗ್ಗಿಸಿ ಇನ್ನೊಂದು ದಾರಿ ತೋರಿಸಿದ. ತನಗೆ ಪರಿಚಯದ ಪೊಲೀಸನೊಬ್ಬನಿದ್ದಾನಂತೆ. ಅಂಗಡಿಯಲ್ಲಿ ಬಂದು ಕೂತಿರುವ ಆ ಹೊಸ ಪಿಸ್ತೂಲನ್ನು ಅವನು ತನ್ನ ಹೆಸರಿನಲ್ಲಿ ಕೊಂಡು, ಸ್ವಲ್ಪ ದಿನದ ನಂತರ 1,100 ಡಾಲರಿಗೆ ನನಗೆ ಪಿಪಿಟಿ ಮಾಡಿಕೊಡುತ್ತಾನಂತೆ. ಇನ್ನೊಬ್ಬರಿಗಾಗಿ ಕೊಂಡು, ನಾನೇ ನಿಜವಾದ ಖರೀದಿದಾರ ಎಂದು ಬಂದೂಕು ಕೊಳ್ಳುವಾಗ ತುಂಬುವ ಫೆಡರಲ್ 4473 ಅರ್ಜಿಯಲ್ಲಿ ಬರೆಯುವುದು ಫೆಡರಲ್ ಅಪರಾಧ. ಸ್ಯಾಕ್ರಮೆಂಟೊ ಕಡೆಯ ಶೆರಿಫ್ ಡೆಪ್ಯುಟಿಯೊಬ್ಬರು ಪಟ್ಟಿಯಲ್ಲಿಲ್ಲದ ಪಿಸ್ತೂಲುಗಳನ್ನು ಹೀಗೆ ಕೊಂಡು ಮಾರಿ ಫೆಡರಲ್ ನ್ಯಾಯಾಲಯದಲ್ಲಿ ಅಪರಾಧಿಯೆಂದು ಸಾಬೀತಾದದ್ದು ಇಲ್ಲಿ ಬಂದೂಕಿನ ವ್ಯವಹಾರ ಗೊತ್ತಿರುವವರಿಗೆಲ್ಲ ತಿಳಿದ ಸಂಗತಿ. ನನ್ನ ಗ್ರೀನ್ ಕಾರ್ಡನ್ನೇ ಪಣಕ್ಕಿಡುವ ಸಲಹೆಯನ್ನು ಈ ಮನುಷ್ಯ ಉಪಕಾರವೆಂಬಂತೆ ಕೊಟ್ಟ. ಇದೇ ಮನುಷ್ಯ ಮೊದಲ ದಿನ, ಹೊಸದು ಬೇಡವೆಂದರೆ ಹಳೆಯದಕ್ಕೇ ಬೇರೆ ಬ್ಯಾರೆಲ್ ಹಾಕಿಸಿ ಎಂದು ತುದಿಯಲ್ಲಿ ತಿರುಪಿನ ಸುತ್ತುಗಳಿರುವ (ಥ್ರೆಡೆಡ್) ಬ್ಯಾರೆಲ್ಲಿನ ಚಿತ್ರ ತೋರಿಸಿದ್ದ. ಮ್ಯಾಗಜೀನ್ ಕಳಚುವ ಸೆಮಿ-ಆಟೋಮ್ಯಾಟಿಕ್ ಪಿಸ್ತೂಲಿಗೆ ಅಂಥ ಬ್ಯಾರೆಲ್ ಹಾಕಿದರೆ ಈ ರಾಜ್ಯದ ಕಾನೂನಿನಲ್ಲಿ ಅದು ನಿಷೇಧಿತ ಅಸಾಲ್ಟ್ ವೆಪನ್ ಆಗುತ್ತದೆ.

ಬಳಿಕ ನಡೆದದ್ದು ಇ-ಮೇಲ್ ವ್ಯವಹಾರ. "ನಿಮ್ಮ ಅಸಮಾಧಾನ ನಮಗೆ ಅರ್ಥವಾಗುತ್ತದೆ" ಎಂದು ಮೊದಲ ಉತ್ತರ. "ಕಾನೂನನ್ನು ತಿಳಿದುಕೊಳ್ಳುವುದು ಗ್ರಾಹಕರ ಜವಾಬ್ದಾರಿ" ಎಂದು ಮುಂದಿನದು. ಲೈಸೆನ್ಸ್ ಗೋಡೆಗೆ ಹಾಕಿಕೊಂಡವನು ಅವನು, ಜವಾಬ್ದಾರಿ ಮಾತ್ರ ನನ್ನದು! ನಂತರ, ಸಗಟು ವ್ಯಾಪಾರಿಗೆ ಪೆಟ್ಟಿಗೆ ವಾಪಸ್ ಕಳಿಸುವ ಖರ್ಚೆಂದು 649ರ ಮೇಲೆ ಶೇಕಡಾ 20 ರೀಸ್ಟಾಕಿಂಗ್ ಶುಲ್ಕ ಮುರಿದುಕೊಂಡು, ಉಳಿದದ್ದಕ್ಕೆ ಸ್ಟೋರ್ ಕ್ರೆಡಿಟ್ ಕಳಿಸಿದರು. ಅವರೇ ತರಿಸಿದ ತಪ್ಪು ಮಾಲಿಗೆ ನನ್ನಿಂದ ಶುಲ್ಕ. ಮಾಡೆಲ್ ಸಂಖ್ಯೆ ಯಾರು ಆರಿಸಿದ್ದು ಎಂದು ನಾನು ಬರೆದ ಪ್ರಶ್ನೆಗೆ ಇವತ್ತಿನವರೆಗೆ ಉತ್ತರವಿಲ್ಲ.

ಮುಂಗಡವನ್ನು ಕಾರ್ಡಿನಲ್ಲಿ ಕೊಟ್ಟದ್ದೊಂದು ಪುಣ್ಯ. ಬ್ಯಾಂಕಿಗೆ ತಕರಾರು ಸಲ್ಲಿಸಿದ್ದೇನೆ, ಅಷ್ಟಾದರೂ ಬರುವ ಲಕ್ಷಣವಿದೆ. ನೀವು ಹೋಗುವುದಾದರೆ ರಸೀದಿಯ ಮೇಲೆ ಹೆಸರಿನ ಬದಲು ಪೂರ್ತಿ ಮಾಡೆಲ್ ಸಂಖ್ಯೆಯನ್ನೇ ಬರೆಸಿ, ಪಟ್ಟಿಯನ್ನು ರಾಜ್ಯದ ನ್ಯಾಯ ಇಲಾಖೆಯ ಜಾಲತಾಣದಲ್ಲಿ ಅಲ್ಲೇ ನಿಂತು ನೋಡಿ, ನಗದು ಕೊಡಬೇಡಿ. ನಿಮ್ಮ ಹಳೆಯದು ಇನ್ನೂ ಪಟ್ಟಿಯಲ್ಲಿದೆಯೇ ಎಂಬುದನ್ನೂ ಅಷ್ಟೇ ಎಚ್ಚರದಿಂದ ನೋಡಿ; ಇಲ್ಲವಾಗಿದ್ದರೆ ಟ್ರೇಡ್-ಇನ್ ಎಂಬ ಮಾತನ್ನೇ ಎತ್ತದೆ, ಹೊಸದು 10 ದಿನ ಕಳೆದು ಕೈಗೆ ಬಂದ ಮೇಲೆ ಪಿಪಿಟಿಯಲ್ಲಿ ಮಾರಿಕೊಳ್ಳಿ. ಅಂಗಡಿಯ ಹೆಸರು ಇಲ್ಲಿ ಹಾಕುವುದಿಲ್ಲ, ತಕರಾರು ಇನ್ನೂ ನಡೆಯುತ್ತಿದೆ.