ಮಜಲ್‌ಲೋಡರ್ ಬೇಟೆಗೆ ಗುಂಡುಗಳು: ಯಾವ ನಳಿಗೆಗೆ ಯಾವುದು

ಮಜಲ್‌ಲೋಡರ್ ಅಂದರೆ ನಳಿಗೆಯ ಬಾಯಿಯಿಂದ ಮದ್ದು, ಗುಂಡು ತುಂಬುವ ಕೋವಿ. ಅದರ ಗುಂಡಿನ ಡಬ್ಬಿಯ ಮೇಲೆ ವೇಗದ ಅಂಕಿ ದಪ್ಪಕ್ಷರದಲ್ಲಿರುತ್ತದೆ. ಆ ಗುಂಡಿಗೆ ಎಂಥ ತಿರುವಿನ ನಳಿಗೆ ಬೇಕು ಅನ್ನುವುದನ್ನು ಮಾತ್ರ ಹುಡುಕಿ ಓದಬೇಕು. ಗುರಿ ನಿಲ್ಲುವುದು ಈ ಎರಡನೆಯದರಿಂದಲೇ. ನಳಿಗೆಯೊಳಗಿನ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು) ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಬರುತ್ತದೆ ಎಂದು ಗೊತ್ತಿಲ್ಲದೆ ಗುಂಡು ಕೊಂಡರೆ ದುಡ್ಡು ದಂಡ, ಅಷ್ಟೆ.

ಎಷ್ಟೋ ನಳಿಗೆಗಳ ಮೇಲೆ ಅದನ್ನು ಕೊರೆದಿರುತ್ತಾರೆ. ಇಲ್ಲದಿದ್ದರೆ, ಕೋವಿ ಖಾಲಿ ಇದೆ ಎಂದು ಖಚಿತ ಮಾಡಿಕೊಂಡು, ಹಿಡಿ ತಾನೇ ತಿರುಗುವ ಶುಚಿ ಕೋಲಿಗೆ ಬಿಗಿಯಾದ ಬಟ್ಟೆ ಸುತ್ತಿ ಒಳಗೆ ತಳ್ಳಿ. ಕೋಲಿನ ಮೇಲೊಂದು ಗುರುತು ಹಾಕಿ, ಅದು ಕಾಲು ಸುತ್ತು ತಿರುಗಲು ಎಷ್ಟು ಇಂಚು ಒಳಗೆ ಹೋಯಿತೋ ಅದನ್ನು ನಾಲ್ಕರಿಂದ ಗುಣಿಸಿ. 12 ಇಂಚು ಹೋಗಿದ್ದರೆ ನಿಮ್ಮದು 48 ಇಂಚಿಗೊಂದು ಸುತ್ತಿನ ನಳಿಗೆ.

ಯಾವ ತಿರುವಿಗೆ ಎಷ್ಟು ಉದ್ದದ ಗುಂಡು ಎನ್ನುವುದಕ್ಕೆ 1879ರ ಗ್ರೀನ್‌ಹಿಲ್ ಸೂತ್ರ ಇಂದಿಗೂ ಸಾಕು: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಿ, ಎಲ್ಲವೂ ಇಂಚಿನಲ್ಲಿ. 0.452 ವ್ಯಾಸದ, ಒಂದು ಇಂಚು ಉದ್ದದ ಗುಂಡಿಗೆ ಉತ್ತರ ಸುಮಾರು 30.6. ಹಾಗಾಗಿ 28 ಇಂಚಿನ ತಿರುವು ಅದನ್ನು ನೆಟ್ಟಗೆ ಹಾರಿಸುತ್ತದೆ, 48ರದು ಹಾರಿಸುವುದಿಲ್ಲ. ಗಮನಿಸಿ, ಲೆಕ್ಕಕ್ಕೆ ಬರುವುದು ಉದ್ದ, ತೂಕವಲ್ಲ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅಷ್ಟೇ ಗ್ರೇನ್ (ಗುಂಡು, ಮದ್ದು ತೂಗುವ ಸಣ್ಣ ಅಳತೆ) ತೂಗುವ ತಾಮ್ರದ ಗುಂಡು ಸೀಸದ್ದಕ್ಕಿಂತ ಉದ್ದವಾಗಿರುತ್ತದೆ. ತೂಕ ಮಾತ್ರ ನೋಡಿ ಕೊಳ್ಳುವವರು ಎಡವುವುದು ಇಲ್ಲೇ.

ಬಟ್ಟೆ ಸುತ್ತಿ ತುಂಬುವ ಸೀಸದ ಉಂಡೆ 60 ಅಥವಾ 66 ಇಂಚಿನ ನಿಧಾನ ತಿರುವಿನ ನಳಿಗೆಗೆ. .50 ಕೋವಿಗೆ (ನಳಿಗೆಯ ಒಳವ್ಯಾಸ ಅರ್ಧ ಇಂಚು) 0.490 ಉಂಡೆ, 0.015 ಇಂಚು ದಪ್ಪದ ಹತ್ತಿಬಟ್ಟೆ, ಮೇಲೆ ಜಿಡ್ಡು: ಇಲ್ಲಿಂದ ಶುರು ಮಾಡಿ. ಉಂಡೆ ಶುದ್ಧ ಸೀಸದ್ದೇ ಇರಲಿ. ತೂಕ ಸುಮಾರು 177 ಗ್ರೇನ್ ಮಾತ್ರ, ಗಾಳಿಯಲ್ಲಿ ಬೇಗ ಸೊರಗುತ್ತದೆ. 100 ಗಜದೊಳಗಿನ ಜಿಂಕೆಗೆ ಒಳ್ಳೆಯದು, ಅದರಾಚೆಗೆ ನಮ್ಮ ಶಿಫಾರಸು ಇಲ್ಲ. ವೇಗದ ತಿರುವಿನ ನಳಿಗೆಯಲ್ಲಿ ಇದಕ್ಕೆ ಜಾಸ್ತಿ ಮದ್ದು ಹಾಕಿದರೆ ಬಟ್ಟೆ ರೈಫ್ಲಿಂಗಿನ ಹಿಡಿತ ತಪ್ಪಿ ಈಡು ಎಲ್ಲೆಲ್ಲೋ ಬೀಳುತ್ತದೆ.

48 ಇಂಚಿನದು ನಡುದಾರಿಯ ತಿರುವು. ಉಂಡೆಯೂ ನಡೆಯುತ್ತದೆ, ನಳಿಗೆಯಷ್ಟೇ ದಪ್ಪದ ಗಿಡ್ಡ ಸೀಸದ ಗುಂಡೂ ನಡೆಯುತ್ತದೆ. 370 ಗ್ರೇನಿನ ಮ್ಯಾಕ್ಸಿ-ಬಾಲ್, ತಳ ಟೊಳ್ಳಾದ 385 ಗ್ರೇನಿನ ಹಾರ್ನಡಿ ಗ್ರೇಟ್ ಪ್ಲೇನ್ಸ್ ಈ ಜಾತಿಯವು. ತೂಕಕ್ಕೆ ತಕ್ಕ ಒದೆತವೂ ಇದೆ. ಆದರೆ ಎಲ್ಕ್‌ನಂಥ ದೊಡ್ಡ ಪ್ರಾಣಿಯಲ್ಲಿ ಆಳಕ್ಕೆ ಇಳಿಯುವುದರಲ್ಲಿ ಇವುಗಳ ಮೇಲೆ ಭರವಸೆ ಇಡಬಹುದು. ಅಮೆರಿಕದ ಕೊಲರಾಡೊದ ಮಜಲ್‌ಲೋಡರ್ ಹಂಗಾಮಿನಲ್ಲಿ ಸೇಬೋಗೂ (ಗುಂಡನ್ನು ಹಿಡಿದಿಡುವ ಪ್ಲಾಸ್ಟಿಕ್ ಬಟ್ಟಲು), ಒತ್ತಿ ಬಿಲ್ಲೆ ಮಾಡಿದ ಮದ್ದಿಗೂ ಅವಕಾಶವಿಲ್ಲ, ಅಲ್ಲಿ ಈ ಗುಂಡುಗಳಿಗೇ ಬೆಲೆ. ಒಂದು ಎಚ್ಚರಿಕೆ: ಕೋವಿಯ ಬಾಯಿ ಕೆಳಗೆ ಮಾಡಿಕೊಂಡು ನಡೆದರೆ ಸಡಿಲ ಗುಂಡು ಮದ್ದು ಬಿಟ್ಟು ಮುಂದೆ ಜಾರುತ್ತದೆ. ನಡುವೆ ಸಂದು ಉಳಿದಾಗ ಕುದುರೆ ಎಳೆದರೆ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು. ಖಾಲಿ ನಳಿಗೆಗೊಂದು, ಸರಿಯಾಗಿ ತುಂಬಿದ ನಳಿಗೆಗೊಂದು ಗುರುತನ್ನು ರಾಮ್‌ರಾಡ್ (ಗುಂಡು ತಳ್ಳುವ ಕೋಲು) ಮೇಲೆ ಗೀರಿಟ್ಟುಕೊಂಡು ಆಗಾಗ ನೋಡುತ್ತಿರಿ.

ಇನ್ನು 28 ಇಂಚಿನ ತಿರುವಿನ ಇನ್‌ಲೈನ್ ಕೋವಿಗಳು, ಅಂದರೆ ಕಿಡಿ ನಳಿಗೆಯ ನೇರ ಹಿಂದಿನಿಂದ ಹೊತ್ತುವ ಹೊಸ ಮಾದರಿಯವು. ಇವಕ್ಕೆ ಪ್ಲಾಸ್ಟಿಕ್ ಸೇಬೋದಲ್ಲಿ ಕೂತ ಸಣ್ಣ ವ್ಯಾಸದ ಗುಂಡೇ ಸರಿ, ಮತ್ತು ಜನ ಅತಿ ಹೆಚ್ಚು ತಪ್ಪು ಮಾಡುವುದೂ ಇದರಲ್ಲೇ. ಗುಂಡನ್ನು ಬೈದುಕೊಳ್ಳುತ್ತಾರೆ, ದೋಷ ಸೇಬೋದ್ದಾಗಿರುತ್ತದೆ. .50 ಎಂದು ಬರೆದ ಎರಡು ನಳಿಗೆಗಳ ಒಳ ಅಳತೆ ಒಂದೇ ಇರಬೇಕೆಂದಿಲ್ಲ. 0.451ರ ಬದಲು 0.452 ಗುಂಡು ಹಾಕಿದರೂ ಬಿಗಿ ಬದಲಾದದ್ದು ಕೈಗೆ ತಿಳಿಯುತ್ತದೆ. ರಾಮ್‌ರಾಡಿನ ಭಾರಕ್ಕೇ ಜಾರಿದರೆ ಸಡಿಲ, ಮೈಭಾರವೆಲ್ಲ ಹಾಕಿ ಒತ್ತಬೇಕಾದರೆ ಅತಿ ಬಿಗಿ. ಒಂದೇ ಸಮನೆ ಗಟ್ಟಿಯಾಗಿ ಒತ್ತಿದಾಗ ನಿಲ್ಲದೆ ಇಳಿಯಬೇಕು. ಬಿಗಿ ಎನಿಸಿದರೆ ಗುಂಡು ಬದಲಿಸುವ ಮೊದಲು ಹಾರ್ವೆಸ್ಟರ್ ಕ್ರಶ್ ರಿಬ್‌ನಂಥ, ಹೊರಮೈಯಲ್ಲಿ ಏಣುಗಳಿರುವ ಸೇಬೋ ಹಾಕಿ ನೋಡಿ.

ಗುಂಡುಗಳಲ್ಲಿ ನಮ್ಮ ಮೊದಲ ಆಯ್ಕೆ 250 ಗ್ರೇನಿನ ಬಾರ್ನ್ಸ್ ಟಿ-ಈಝಡ್. ಪೂರ್ತಿ ತಾಮ್ರ, ಆರು ದಳವಾಗಿ ಅರಳುತ್ತದೆ, ತೂಕ ಉಳಿಸಿಕೊಂಡು ಆಳಕ್ಕಿಳಿಯುತ್ತದೆ. ಮೊನೆಗೆ ಪಾಲಿಮರ್ ತುದಿಯಿರುವ ಹಾರ್ನಡಿ ಎಸ್‌ಎಸ್‌ಟಿ ಜಿಂಕೆಗೆ ಧಾರಾಳ ಸಾಕು. ತಳಕ್ಕೆ ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿಸಿದ ಪವರ್‌ಬೆಲ್ಟ್ ತುಂಬಲು ಬಹಳ ಸಲೀಸು. ಅದರ ಮೆದು ಸೀಸದ ಗುಂಡಿಗೆ ಮಿತವಾದ ಮದ್ದು ಹಿಡಿಸುತ್ತದೆ. ಮೆದು ಸೀಸವನ್ನು ಅತಿ ವೇಗದಲ್ಲಿ ಹತ್ತಿರದ ಮೂಳೆಗೆ ಹೊಡೆದರೆ ಚಪ್ಪಟೆಯಾಗಿ ಅಲ್ಲೇ ನಿಲ್ಲುವ ಅಪಾಯ ಯಾವ ಕಂಪನಿಯದ್ದಾದರೂ ಇದ್ದದ್ದೇ.

ಮದ್ದಿಗೆ ಕೋವಿ ತಯಾರಕರು ಹೇಳಿದ ಮಿತಿಯೇ ಕೊನೆ. ಸ್ಮೋಕ್‌ಲೆಸ್ ಮದ್ದನ್ನು (ಇಂದಿನ ತೋಟಾಗಳಲ್ಲಿರುವ ಹೊಗೆ ಬಾರದ ಮದ್ದು) ಮಜಲ್‌ಲೋಡರಿಗೆ ಹಾಕಬಾರದು, ಅದಕ್ಕೆಂದೇ ತಯಾರಾದ ಕೋವಿಯ ಮಾತು ಬೇರೆ. ಕರಿಮದ್ದಿನ ಬದಲಿಗಳನ್ನು ಅಳೆಯುವುದು ಗಾತ್ರದಿಂದ, ತೂಕದಿಂದಲ್ಲ: ಬ್ಲ್ಯಾಕ್‌ಹಾರ್ನ್ 209 ಅಳತೆಪಾತ್ರೆಯಲ್ಲಿ 100 ಗ್ರೇನ್ ಎಂದರೆ ತಕ್ಕಡಿಯಲ್ಲಿ ಸುಮಾರು 70. ಅದು ಸಮನಾಗಿ ಹೊತ್ತಿಕೊಳ್ಳಲು 209 ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಸಣ್ಣ ಬಿಡಿಭಾಗ) ಜೊತೆಗೆ ಬಿಗಿಯಾದ ಗುಂಡೂ ಬೇಕು. ಟ್ರಿಪಲ್ ಸೆವೆನ್ ಬಿಡಿ ಮದ್ದಾದರೆ ಕರಿಮದ್ದಿಗಿಂತ 15 ಪ್ರತಿಶತ ಕಡಿಮೆ ಹಾಕಬೇಕು. ಅದು ತಳದ ಹತ್ತಿರ ಬಳೆಯಂತೆ ಕಿಟ್ಟ ಕಟ್ಟುತ್ತದೆ. ಮುಂದಿನ ಗುಂಡು ಆ ಬಳೆಯ ಮೇಲೇ ನಿಂತುಬಿಟ್ಟರೆ ರಾಮ್‌ರಾಡಿನ ಗುರುತು ಬಾಯಿಂದ ಮೇಲೆ ಉಳಿದು ಎಚ್ಚರಿಸುತ್ತದೆ.

ಪರೀಕ್ಷೆಗೆ ಮೊದಲು 50 ಗಜ, ಆಮೇಲೆ 100. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ, ಮದ್ದಾದರೆ 5 ಗ್ರೇನಿನ ಹೆಜ್ಜೆಯಲ್ಲಿ. ಪ್ರತಿ ಈಡಿನ ನಂತರ ಒಂದು ತೇವದ ಬಟ್ಟೆ, ಒಂದು ಒಣ ಬಟ್ಟೆ, ಎರಡರ ಎರಡೂ ಮಗ್ಗುಲು ಆಡಿಸಿ. ನಳಿಗೆ ಆರುವವರೆಗೆ ಕಾಯಿರಿ, ಬಿಸಿ ನಳಿಗೆಯಲ್ಲಿ ಸೇಬೋ ಮೆತ್ತಗಾಗಿ ಮೂರನೆಯ ಈಡು ದಾರಿ ತಪ್ಪುತ್ತದೆ. ದೂರದರ್ಶಕ ಹಾಕಿದ ಇನ್‌ಲೈನ್ ಕೋವಿ 100 ಗಜಕ್ಕೆ ಮೂರು ಈಡನ್ನು 2 ಇಂಚಿನೊಳಗೆ ಇಟ್ಟರೆ ಆ ಜೋಡಿ ಇಟ್ಟುಕೊಳ್ಳಿ, ಲೋಹದ ಗುರಿಕಟ್ಟಿನ ಉಂಡೆ ಕೋವಿಗೆ 4 ಇಂಚೂ ಒಪ್ಪತಕ್ಕದ್ದೇ.

ಗುಂಪು ಚೆದುರಿದರೆ ಗುರಿಹಲಗೆ ಬಿಟ್ಟು ನೆಲ ನೋಡಿ. ಬಿದ್ದ ಸೇಬೋದ ದಳಗಳು ಸಮನಾಗಿ ಹಿಂದಕ್ಕೆ ಬಾಗಿರಬೇಕು. ಒಂದು ದಳ ಕಿತ್ತುಹೋಗಿದ್ದರೆ ಅಥವಾ ತಳ ಒಡೆದಿದ್ದರೆ ಆ ಸೇಬೋ ನಿಮ್ಮ ನಳಿಗೆಗಲ್ಲ. ಉಂಡೆಯ ಬಟ್ಟೆಯಲ್ಲಿ ಸುಟ್ಟ ತೂತಿದ್ದರೆ ಬಟ್ಟೆ ತೆಳುವಾಯಿತು ಅಥವಾ ಜಿಡ್ಡು ಸಾಲಲಿಲ್ಲ, ರೈಫ್ಲಿಂಗಿನ ಅಂತರಕ್ಕೆ ಸರಿಯಾಗಿ ಕತ್ತರಿಸಿದ ಗೆರೆಗಳಿದ್ದರೆ ನಳಿಗೆಯ ಬಾಯಿಯ ಅಂಚು ಹರಿತವಾಗಿದೆ. ಅದನ್ನು ನಯ ಮಾಡುವ ಕೆಲಸ ಕೋವಿ ರಿಪೇರಿಯವರಿಗೆ ಬಿಡಿ.