ಫಲಕದ ದರ ಒಂದು, ರಸೀದಿಯ ದರ ಇನ್ನೊಂದು

ಬಂಕಿನ ಎತ್ತರದ ಫಲಕದಲ್ಲಿ ಕಾಣುವ ದರವೇ ನಿಮ್ಮಿಂದ ವಸೂಲಾಗುತ್ತದೆ ಎಂದು ನಂಬಬೇಡಿ. ದರ ಹೋಲಿಸುವ ಆ್ಯಪ್ ಅತಿ ಅಗ್ಗವೆಂದು ತೋರಿಸಿದ ಬಂಕಿಗಾಗಿ ನಾನು ಹೆದ್ದಾರಿ ಬಿಟ್ಟು ಸಾಕಷ್ಟು ದೂರ ಒಳಗೆ ಹೋದೆ. ಫಲಕದಲ್ಲೂ ಅದೇ ಅಂಕಿ ಇತ್ತು. ಟ್ಯಾಂಕ್ ತುಂಬಿಸಿದ ಮೇಲೆ ರಸೀದಿ ನೋಡಿದರೆ ಲೀಟರಿನ ದರ ಬೇರೆ! ಕೇಳಿದ್ದಕ್ಕೆ, "ಅದು ನಮ್ಮ ಕಾರ್ಡ್ ಇದ್ದವರಿಗೆ" ಎಂಬ ಉತ್ತರ ಬಂತು. ಫಲಕದ ಬುಡದಲ್ಲಿ ಹಾಗೆಂದು ಬರೆದಿತ್ತು, ನಿಜ. ಆದರೆ ಓಡುವ ಗಾಡಿಯಿಂದ ಅದನ್ನು ಓದಲು ಹದ್ದಿನ ಕಣ್ಣೇ ಬೇಕು. ಕಾರ್ಡಿನ ದರವನ್ನು ಎಲ್ಲರ ದರದಂತೆ ಮೆರೆಸುವುದನ್ನು ನಾನಂತೂ ಪಾರದರ್ಶಕತೆ ಎನ್ನಲಾರೆ.

ದರ ಬಹಿರಂಗಪಡಿಸುವ ಕಾನೂನು ಇದ್ದಲ್ಲೂ ಅದು ಏನನ್ನು ಕಟ್ಟಿಹಾಕುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಜರ್ಮನಿಯಲ್ಲಿ 2013ರಲ್ಲಿ ಬಂದ ವ್ಯವಸ್ಥೆಯ ಪ್ರಕಾರ ಬಂಕುಗಳು ದರ ಬದಲಿಸಿದ 5 ನಿಮಿಷಗಳೊಳಗೆ ವರದಿ ಮಾಡಬೇಕು. ಮಾಹಿತಿಯೇನೋ ತಾಜಾ ಇರುತ್ತದೆ. ಆದರೆ ನೀವು ತಲುಪುವವರೆಗೆ ಆ ದರ ನಿಲ್ಲುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾ 2001ರಲ್ಲಿ ತಂದ ನಿಯಮ ಬಿಗಿಯಾದದ್ದು. ನಾಳೆಯ ದರವನ್ನು ಇಂದು ಮಧ್ಯಾಹ್ನ 2 ಗಂಟೆಯೊಳಗೆ ತಿಳಿಸಬೇಕು, ಬೆಳಿಗ್ಗೆ 6ರಿಂದ 24 ಗಂಟೆ ಅದನ್ನು ಕದಲಿಸುವಂತಿಲ್ಲ. ಅಲ್ಲಿನ ಚಾಲಕ ಇಂದು ತುಂಬಿಸಬೇಕೋ ನಾಳೆಯೋ ಎಂದು ಲೆಕ್ಕ ಹಾಕಿಯೇ ಹೊರಡಬಹುದು.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ದರಪಟ್ಟಿ ನಮಗೆ ಕಾಣುವಷ್ಟೇ ಸ್ಪಷ್ಟವಾಗಿ ಎದುರಿನ ಬಂಕಿನವನಿಗೂ ಕಾಣುತ್ತದೆ. ಎದುರಾಳಿ ಇಳಿಸಿದ ಕ್ಷಣವೇ ತಾನೂ ಇಳಿಸಬಲ್ಲವನಾದರೆ, ಮೊದಲು ಇಳಿಸಿದವನಿಗೆ ಲಾಭವೇನು? ಚಿಲಿ ದೇಶದಲ್ಲಿ 2012ರಲ್ಲಿ ದರಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಲು ಆರಂಭಿಸಿದ ಬಳಿಕ ಬಂಕುಗಳ ಲಾಭಾಂಶ ಸರಾಸರಿಯಲ್ಲಿ ಏರಿತೆಂದು ಅಧ್ಯಯನವೊಂದು ಕಂಡುಕೊಂಡಿದೆ. ಜನರು ದರ ಹುಡುಕುವ ಗೋಜಿಗೆ ಹೋಗದ ಪ್ರದೇಶಗಳಲ್ಲಿ ಏರಿಕೆ ಹೆಚ್ಚು.

ಆದ್ದರಿಂದ ಆ್ಯಪ್‌ನಲ್ಲಿ ದರದ ಜೊತೆಗೆ ಅದು ನವೀಕರಣಗೊಂಡ ಸಮಯವನ್ನೂ ನೋಡಿ. ಲೀಟರಿಗೆ ಉಳಿಯುವ ಚಿಲ್ಲರೆಗಾಗಿ ಬಹುದೂರ ಸುತ್ತಬೇಡಿ. ಉಳಿತಾಯ ಆ ಸುತ್ತಿನಲ್ಲೇ ಉರಿದುಹೋಗುತ್ತದೆ. ನಳಿಕೆ ಎತ್ತುವ ಮೊದಲು ಪಂಪಿನ ಪರದೆಯಲ್ಲಿರುವ ಲೀಟರಿನ ದರವನ್ನು ಓದಿ, ಫಲಕದ ದರಕ್ಕೆ ತಾಳೆಯಾಗದಿದ್ದರೆ ಅಲ್ಲಿಯೇ ಪ್ರಶ್ನಿಸಿ. ಫಲಕ ಮತ್ತು ಪರದೆ ಎರಡರ ಚಿತ್ರವನ್ನೂ ತೆಗೆದುಕೊಳ್ಳಿ. ನಾನು ದೂರು ಕೊಟ್ಟಾಗ ಮೊದಲು ಕೇಳಿದ್ದೇ ಆ ಚಿತ್ರಗಳನ್ನು. ನನ್ನ ಬಳಿ ಇದ್ದದ್ದು ರಸೀದಿ ಮಾತ್ರ. ದೂರು ಅಲ್ಲಿಗೇ ನಿಂತಿತು.